ಹಗುರ ಚೀಲದ ಋಣ

ಪುಸ್ತಕ ಬರೆದವರಿಗೆ ಒಂದು ಸೌಕರ್ಯವಿದೆ. ಮೊದಲ ಪುಟಗಳಲ್ಲೇ ಎಲ್ಲೋ ಒಂದು ಕಡೆ 'ಕೃತಜ್ಞತೆಗಳು' ಎಂದು ತಲೆಬರಹ ಕೊಟ್ಟು, ಹಸ್ತಪ್ರತಿ ಓದಿದವರಿಂದ ಹಿಡಿದು ಕರಡು ತಿದ್ದಿದವರ ತನಕ ಎಲ್ಲರನ್ನೂ ನೆನೆದು ಋಣಮುಕ್ತರಾಗಿಬಿಡಬಹುದು. ಮದುವೆ ಮಾಡಿದವರು ತೆಂಗಿನಕಾಯಿ ತಾಂಬೂಲ ಕೊಟ್ಟು ಕೈ ತೊಳೆದುಕೊಳ್ಳುತ್ತಾರೆ. ಸಭೆ ನಡೆಸಿದವರಿಗೆ ವಂದನಾರ್ಪಣೆ ಎಂಬುದೊಂದುಂಟು. ಅಷ್ಟು ಹೊತ್ತಿಗೆ ಸಭಿಕರು ಎದ್ದು ಹೋಗಿರುತ್ತಾರೆಂಬುದು ಬೇರೆ ಮಾತು. ಆದರೆ ಒಂದು ಹವ್ಯಾಸವನ್ನು ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಸಾಕಿದವನು ಎಲ್ಲಿ ನಿಂತು ಯಾರಿಗೆ ವಂದಿಸಬೇಕು? ಅದಕ್ಕೊಂದು ಕ್ರಮವಿಲ್ಲ. ಆದ್ದರಿಂದ ಈ ಭಾನುವಾರ ನಿಮ್ಮ ಕಾಫಿಯ ಹೊತ್ತನ್ನು ಸ್ವಲ್ಪ ಎರವಲು ಪಡೆಯುತ್ತಿದ್ದೇನೆ.

ನನ್ನ ಹವ್ಯಾಸ ಬೆಟ್ಟ ಹತ್ತುವುದು. ಅಷ್ಟೇ ಆದರೆ ವಿಶೇಷವೇನೂ ಇಲ್ಲ. ತಿರುಪತಿಯ ಮೆಟ್ಟಲು ಹತ್ತುವ ಮುದುಕಿಯರು ನನಗಿಂತ ಚೆನ್ನಾಗಿ ಹತ್ತುತ್ತಾರೆ. ನನ್ನದು ಆದಷ್ಟು ಕಡಿಮೆ ಭಾರ ಹೊತ್ತು ಹತ್ತುವ ಹವ್ಯಾಸ. ಎರಡು ರಾತ್ರಿ ಕಾಡಿನಲ್ಲಿ ಕಳೆಯಲು ಬೇಕಾದದ್ದೆಲ್ಲ ಬೆನ್ನ ಮೇಲಿರಬೇಕು, ಬೆನ್ನಿಗೆ ಮಾತ್ರ ಅದು ತಿಳಿಯಬಾರದು. ಇದನ್ನು ಕೇಳಿದಾಗ ನಮ್ಮ ಬೀದಿಯ ನಿವೃತ್ತ ಅಮಲ್ದಾರರೊಬ್ಬರು, "ಅದಕ್ಕೇನು ಕಷ್ಟ? ಮನೆಯಲ್ಲೇ ಇದ್ದರಾಯಿತು, ಒಂದು ಗ್ರಾಮೂ ಹೊರಬೇಕಾಗಿಲ್ಲ" ಎಂದರು. ತರ್ಕ ನಿರುತ್ತರವಾದದ್ದು. ಹವ್ಯಾಸಗಳಿಗೂ ತರ್ಕಕ್ಕೂ ಎಂದೂ ಸರಿಹೋಗಿಲ್ಲ.

ಕಳೆದ ತಿಂಗಳು ಅಟ್ಟ ಗುಡಿಸುವಾಗ ನನ್ನ ಮೊದಲ ಚೀಲ ಸಿಕ್ಕಿತು. ಸೈನ್ಯದವರು ಹರಾಜು ಹಾಕಿದ ಮಾಲಿನಿಂದ ಕೊಂಡದ್ದು. ಕ್ಯಾನ್ವಾಸು, ಹಿತ್ತಾಳೆಯ ಬಕ್ಕಲು, ತೊಗಲಿನ ಪಟ್ಟಿ. ಖಾಲಿ ಇದ್ದಾಗಲೇ ಮೂರು ಕಿಲೋ. 1991ರ ಡಿಸೆಂಬರಿನಲ್ಲಿ ಈ ಚೀಲಕ್ಕೆ ಇನ್ನೂ ಹದಿನೈದು ಕಿಲೋ ಸಾಮಾನು ತುಂಬಿಕೊಂಡು ಕೊಡಚಾದ್ರಿಗೆ ಹೋಗಿದ್ದೆ. ಆಗ ನನಗೆ ಇಪ್ಪತ್ತೇಳು ವರ್ಷ. ಹಾಸಿಗೆ, ದಿಂಬು, ಲಾಂದ್ರ, ಇಡ್ಲಿ ಪಾತ್ರೆ (ಹೌದು, ಇಡ್ಲಿ ಪಾತ್ರೆ), ಬದಲಾಯಿಸಲು ಮೂರು ಜೊತೆ ಬಟ್ಟೆ, ಓದಲು ಎರಡು ಕಾದಂಬರಿ. ಬೆಟ್ಟದ ಎತ್ತರ 1343 ಮೀಟರು. ಅದರಲ್ಲಿ ಅರ್ಧವನ್ನೂ ನಾನು ನೋಡಲಿಲ್ಲ. ನನ್ನ ಬೂಟಿನ ತುದಿಯನ್ನು ಮಾತ್ರ ನೋಡುತ್ತ ಹತ್ತಿದೆ. ನಡುದಾರಿಯಲ್ಲಿ ಮುದುಕನೊಬ್ಬ ಸಿಕ್ಕಿದ. ಕಾಲಿಗೆ ಸವೆದ ಚಪ್ಪಲಿ, ಹೆಗಲ ಮೇಲೊಂದು ಬಟ್ಟೆಯ ಗಂಟು, ಕಂಕುಳಲ್ಲಿ ಛತ್ರಿ. ಸರ್ವಜ್ಞಪೀಠಕ್ಕೆ ಹೊರಟಿದ್ದವನು. ಬಂಡೆಗೆ ಒರಗಿ ಏದುಸಿರು ಬಿಡುತ್ತಿದ್ದ ನನ್ನನ್ನು ಕನಿಕರದಿಂದ ನೋಡಿ, "ಮೇಲೆ ಅಂಗಡಿ ಇಡ್ತೀರಾ ಸ್ವಾಮಿ?" ಎಂದು ಕೇಳಿದ. ವ್ಯಂಗ್ಯವಿರಲಿಲ್ಲ, ನಿಜವಾಗಿಯೂ ಹಾಗೆಂದು ತಿಳಿದಿದ್ದ. ಇಲ್ಲವೆಂದಾಗ ಆತನಿಗೆ ನಿರಾಶೆಯಾದಂತೆ ಕಂಡಿತು. ಪ್ರಾಯಶಃ ಮೇಲೆ ಒಂದು ಲೋಟ ಚಹಾ ಸಿಕ್ಕೀತೆಂದು ಎಣಿಸಿದ್ದನೋ ಏನೋ. ನನ್ನ ಮೊದಲ ನಮಸ್ಕಾರ ಆ ಮುದುಕನಿಗೆ. ಇಳಿಯುವಾಗ ಇಡ್ಲಿ ಪಾತ್ರೆಯನ್ನು ಕೆಳಗಿನ ಮನೆಯೊಂದರಲ್ಲಿ ಕೊಟ್ಟುಬಿಟ್ಟೆ. ನನ್ನ ಹಗುರದ ಸಾಧನೆ ಶುರುವಾದದ್ದು ಅಲ್ಲಿಂದ.

ಈ ಸಾಧನೆಗೆ ಶಾಸ್ತ್ರಗ್ರಂಥಗಳೂ ಉಂಟೆಂದು ಆಗ ಗೊತ್ತಿರಲಿಲ್ಲ. ಕೆಲವು ವರ್ಷಗಳ ಮೇಲೆ ಅಮೆರಿಕದಲ್ಲಿದ್ದ ಸೋದರಳಿಯ ಬರುವಾಗ ಒಂದು ಪುಸ್ತಕ ತಂದುಕೊಟ್ಟ. ಬರೆದವನು ರೇ ಜಾರ್ಡಿನ್. ಮೊದಲು ಇಂಜಿನಿಯರಾಗಿದ್ದು, ಆಮೇಲೆ ಬಂಡೆ ಹತ್ತುವುದರಲ್ಲಿ ಹೆಸರು ಮಾಡಿದವನು. 1992ರಲ್ಲಿ ಅವನು ಹೊರತಂದ ಕೈಪಿಡಿಯಿಂದಲೇ ಅಲ್ಲಿಯ ದೂರನಡಿಗೆಯವರ ಚೀಲಗಳು ಇಳಿಯತೊಡಗಿದವಂತೆ. ಅಂಗಡಿಯಲ್ಲಿ ಕೊಳ್ಳಬೇಡ, ನಿನ್ನ ಚೀಲವನ್ನು ನೀನೇ ಹೊಲಿದುಕೋ ಎಂಬುದು ಅವನ ಉಪದೇಶ. ಅನ್ನ, ನೀರು, ಉರುವಲು ಬಿಟ್ಟು ಉಳಿದ ಸಾಮಾನು ಹತ್ತು ಪೌಂಡಿನ ಒಳಗಿರಬೇಕೆಂಬುದು ಆ ಪಂಥದವರ ಗೆರೆ. ಅಂದರೆ ಸುಮಾರು ನಾಲ್ಕೂವರೆ ಕಿಲೋ. ನೀರನ್ನು ಲೆಕ್ಕಕ್ಕೆ ಹಿಡಿಯದಿರುವುದು ನ್ಯಾಯವೇ. ಒಂದು ಲೀಟರು ನೀರು ಒಂದು ಕಿಲೋ. ಅದನ್ನು ತೆಳ್ಳಗೆ ಮಾಡುವ ವಿದ್ಯೆಯನ್ನು ನಮ್ಮ ಹಾಲಿನವರೂ ಕಂಡುಹಿಡಿದಿಲ್ಲ.

ಆದರೆ ಆ ಪಂಥದ ಆದಿಗುರು ಜಾರ್ಡಿನ್ ಅಲ್ಲವೆಂದು ನನ್ನ ಮತ. ಅದಕ್ಕೂ ಮೊದಲು ಒಬ್ಬ ಅಜ್ಜಿ ಇದ್ದಳು. ಎಮ್ಮಾ ಗೇಟ್‌ವುಡ್ ಎಂದು ಹೆಸರು, ಓಹಾಯೋ ಪ್ರಾಂತದವಳು, ಹನ್ನೊಂದು ಮಕ್ಕಳ ತಾಯಿ. 1955ರಲ್ಲಿ, ತನ್ನ ಅರವತ್ತೇಳನೆಯ ವಯಸ್ಸಿನಲ್ಲಿ, ಸ್ವಲ್ಪ ನಡೆದು ಬರುತ್ತೇನೆಂದು ಮಕ್ಕಳಿಗೆ ಹೇಳಿ ಹೊರಟಳು. ನಡೆದದ್ದು ಜಾರ್ಜಿಯದಿಂದ ಮೇಯ್ನ್‌ವರೆಗೆ, ಅಪಲೇಚಿಯನ್ ಗಿರಿಶ್ರೇಣಿಯ ಮೇಲೆ, ಎರಡು ಸಾವಿರ ಮೈಲಿಗೂ ಮಿಕ್ಕಿ. ಮೇ ತಿಂಗಳಲ್ಲಿ ಹೊರಟವಳು ಸೆಪ್ಟೆಂಬರಿನಲ್ಲಿ ಮುಟ್ಟಿದಳು. ಡೇರೆಯಿಲ್ಲ, ಮಲಗುವ ಚೀಲವಿಲ್ಲ. ತಾನೇ ಹೊಲಿದ ದಪ್ಪ ಬಟ್ಟೆಯ ಜೋಳಿಗೆಯೊಂದು ಹೆಗಲಿಗೆ. ಅದರಲ್ಲೊಂದು ಕಂಬಳಿ, ಮಳೆಗೆ ಬಚ್ಚಲುಮನೆಯ ಪ್ಲಾಸ್ಟಿಕ್ ಪರದೆ. ಕಾಲಿಗೆ ಸಾಧಾರಣ ಕ್ಯಾನ್ವಾಸ್ ಜೋಡು. ಇದನ್ನು ಓದಿದ ದಿನ ನಾನು ಊಟ ಮಾಡುತ್ತಲೂ ಅದನ್ನೇ ಮಾತಾಡಿದೆನೆಂದು ಮನೆಯಲ್ಲಿ ಈಗಲೂ ಹಾಸ್ಯ ಮಾಡುತ್ತಾರೆ. ಅಜ್ಜಿ ಎಷ್ಟೋ ರಾತ್ರಿ ದಾರಿಯ ಮನೆಗಳವರ ಜಗಲಿಯಲ್ಲಿ ಮಲಗಿದಳು, ಅವರು ಬಡಿಸಿದ್ದನ್ನು ಉಂಡಳು ಎಂಬ ಮಾತೂ ಆ ಕಥೆಯಲ್ಲಿತ್ತು. ಅದನ್ನು ಓದಿದೆನಷ್ಟೇ, ಮನಸ್ಸಿಗೆ ಹಾಕಿಕೊಳ್ಳಲಿಲ್ಲ.

ಇರಲಿ. ಮನಸ್ಸಿಗೆ ಹಾಕಿಕೊಂಡದ್ದು ತೂಕ. ಮನೆಯಲ್ಲಿದ್ದ ಅಡಿಗೆಯ ತಕ್ಕಡಿ ಐವತ್ತು ಗ್ರಾಮಿನ ಕೆಳಗೆ ಅಲ್ಲಾಡುತ್ತಿರಲಿಲ್ಲ. ನಮ್ಮ ಬೀದಿಯ ತುದಿಯಲ್ಲಿ ಒಬ್ಬ ಅಕ್ಕಸಾಲಿಗರಿದ್ದರು. ಗಾಜಿನ ಪೆಟ್ಟಿಗೆಯೊಳಗೆ ಗುಲಗಂಜಿಗೂ ತಲೆದೂಗುವ ತಕ್ಕಡಿ. ಒಂದು ಸಂಜೆ ಗಿರಾಕಿಗಳಿಲ್ಲದ ಹೊತ್ತು ನೋಡಿ ನನ್ನ ಹಲ್ಲುಜ್ಜುವ ಬ್ರಷ್ಷನ್ನು ತೆಗೆದುಕೊಂಡು ಹೋದೆ. ಅವರು ಅದನ್ನು ಕೈಯಲ್ಲಿ ಹಿಡಿದು, ತಿರುಗಿಸಿ ನೋಡಿ, ಚಿನ್ನವೆಲ್ಲಿದೆ ಎಂದು ಹುಡುಕಿದರು. ವಿಷಯ ಹೇಳಿದೆ. ಐದು ನಿಮಿಷ ಮಾತಿಲ್ಲ. ಆಮೇಲೆ ಹಿಡಿಯನ್ನು ತಾವೇ ತಮ್ಮ ಗರಗಸದಿಂದ ಕತ್ತರಿಸಿ, ತೂಗಿ, "ಮುಕ್ಕಾಲು ತೊಲ ಉಳಿಯಿತು" ಎಂದರು. ಗಂಭೀರವಾಗಿಯೇ ಹೇಳಿದರು. ಮುಂದೆ ನನ್ನ ಚಮಚ, ಬೆಂಕಿಪೊಟ್ಟಣ, ಬಟ್ಟೆಯ ಗುಂಡಿಗಳು ಎಲ್ಲವೂ ಆ ಗಾಜಿನ ಪೆಟ್ಟಿಗೆಯನ್ನು ಪ್ರವೇಶಿಸಿದವು. ಕಾಸು ತೆಗೆದುಕೊಳ್ಳಲಿಲ್ಲ. ಒಮ್ಮೆ ಮದುವೆಯ ಒಡವೆಗೆಂದು ಬಂದ ಕುಟುಂಬವೊಂದು ಮುಕ್ಕಾಲು ಗಂಟೆ ಕಾದು ಕುಳಿತಿತ್ತು. ಒಳಗೆ ನನ್ನ ಕಾಲುಚೀಲ ತೂಗಲ್ಪಡುತ್ತಿತ್ತು. ಆ ಸಹನೆಗೆ ಅವರಿಗೆ ನನ್ನ ವಂದನೆ, ಆ ಕುಟುಂಬಕ್ಕೂ ಸಹ.

ಚೀಲಕ್ಕೆ ಬಟ್ಟೆ ಕೊಟ್ಟವರು ಅವೆನ್ಯೂ ರಸ್ತೆಯ ಕಡೆ ಛತ್ರಿ ರಿಪೇರಿ ಮಾಡುತ್ತಿದ್ದ ಸಾಹೇಬರು. ಹಳೆಯ ಛತ್ರಿಗಳ ನೈಲಾನ್ ಬಟ್ಟೆ ತೆಳು, ಗಟ್ಟಿ, ನೀರು ಹೀರದು. ಹದಿನೆಂಟು ಛತ್ರಿಗಳ ಚರ್ಮ ಸುಲಿದು ಗಂಟು ಕಟ್ಟಿಕೊಟ್ಟರು. "ಛತ್ರಿ ಬಟ್ಟೆಯಲ್ಲಿ ಚೀಲ ಮಾಡ್ತೀರಿ. ಮಳೆ ಬಂದರೆ ಏನು ಹಿಡಿತೀರಿ?" ಎಂದು ಕೇಳಿದರು. ನಾನು ನಕ್ಕೆ. ಆ ಪ್ರಶ್ನೆಗೆ ಉತ್ತರ ಹೇಳುವ ಕಾಲ ಮುಂದೆ ಬರುವುದಿತ್ತು.

ಹೊಲಿದವಳು ನನ್ನ ಹೆಂಡತಿ, ನನ್ನ ತಾಯಿಯ ಹಳೆಯ ಹೊಲಿಗೆ ಯಂತ್ರದ ಮೇಲೆ. ಎಂಟು ಬಣ್ಣದ ತುಂಡುಗಳನ್ನು ಕೂಡಿಸಿ ಹೊಲಿದ ಆ ಚೀಲ ದಾಸಯ್ಯನ ಜೋಳಿಗೆಯಂತೆ ಕಾಣುತ್ತಿತ್ತು, ತೂಕ ಮಾತ್ರ 310 ಗ್ರಾಂ. ಇದಾದ ಮೇಲೆ ನಾನು ಹಗುರಾಗುವುದರಲ್ಲಿ ವೇಗ ಹೆಚ್ಚಿತು. ಡೇರೆ ಹೋಗಿ ಅದೇ ಛತ್ರಿ ಬಟ್ಟೆಯ ಒಂದು ಮೇಲ್ಚಾವಣಿ ಬಂತು. ಹಾಸಿಗೆ ಹೋಗಿ ಪಾಲಿಥೀನ್ ಹಾಳೆ ಬಂತು. ಬೂಟು ಹೋಯಿತು, ಪಾತ್ರೆಗಳು ಹೋದವು, ಒಲೆ ಹೋಯಿತು. ಹುರಿಹಿಟ್ಟು, ಅವಲಕ್ಕಿ, ಬೆಲ್ಲ, ಒಂದು ಡಬ್ಬಿ ಚಟ್ನಿಪುಡಿ. ಹುರಿಹಿಟ್ಟಿನಂಥ ಪದಾರ್ಥವನ್ನು ಅಮೆರಿಕದವರು ಇನ್ನೂ ಕಂಡಿಲ್ಲವಲ್ಲಾ ಎಂದು ನನಗೆ ಅವರ ಮೇಲೆ ಕನಿಕರ. ನೀರು ಹಾಕಿ ಕಲಸಿದರೆ ಊಟ, ಒಲೆ ಬೇಡ, ಪಾತ್ರೆ ತೊಳೆಯುವ ಕೆಲಸವಿಲ್ಲ. ಅದನ್ನು ಹುರಿದು, ಬೀಸಿ, ಜರಡಿ ಹಿಡಿಯುವ ಕೆಲಸ ಯಾರದೆಂದು ನಾನು ಕೇಳಿಕೊಳ್ಳಲಿಲ್ಲ.

ನಮ್ಮ ನಾಡಿನಲ್ಲಿ ಹಗುರದ ವಿದ್ಯೆ ಹೊಸದೇನೂ ಅಲ್ಲ. ಮಲೆನಾಡಿನ ರೈತ ಕಂಬಳಿಯನ್ನು ಕೊಪ್ಪೆ ಮಾಡಿ ತಲೆಯ ಮೇಲೆ ಹಾಕಿಕೊಂಡರೆ ಅದೇ ಛತ್ರಿ, ಅದೇ ಅಂಗಿ, ರಾತ್ರಿಗೆ ಅದೇ ಹಾಸಿಗೆ. ಶ್ರವಣಬೆಳಗೊಳದಲ್ಲಿ ದಿಗಂಬರ ಮುನಿಗಳನ್ನು ನೋಡಿದ್ದೇನೆ. ನವಿಲುಗರಿಯ ಪಿಂಛಿ ಒಂದು, ಕಮಂಡಲು ಒಂದು. ಮೈಮೇಲೆ ಬಟ್ಟೆಯೂ ಇಲ್ಲದೆ ಬರಿಗಾಲಲ್ಲಿ ಊರಿಂದೂರಿಗೆ ನಡೆಯುತ್ತಾರೆ. ಹತ್ತು ಪೌಂಡಿನ ಪಂಥದವರು ಅವರ ಮುಂದೆ ಸಂಸಾರಿಗಳು. ಒಮ್ಮೆ ಅಲ್ಲಿ ಒಂದು ಮನೆಯ ಅಂಗಳದಲ್ಲಿ ಮುನಿಗಳ ಆಹಾರ ನಡೆಯುತ್ತಿದ್ದಾಗ ದೂರದಲ್ಲಿ ನಿಂತು ನೋಡಿದೆ. ದಿನಕ್ಕೆ ಒಂದೇ ಸಲ, ನಿಂತುಕೊಂಡು, ಬೊಗಸೆಯಲ್ಲಿ. ಮನೆಯೊಡತಿ ಬೆಳಗಿನ ಜಾವಕ್ಕೇ ಎದ್ದು ಮಡಿಯಲ್ಲಿ ಅಡಿಗೆ ಮಾಡಿದ್ದಳು. ಬೊಗಸೆಗೆ ತುತ್ತು ಇಡುವಾಗ ಆಕೆಯ ಕೈ ನಡುಗುತ್ತಿತ್ತು. ಮುನಿಗಳು ಹೊರಟುಹೋದ ಮೇಲೆ ಆ ಮನೆಯಲ್ಲಿ ತೊಳೆಯುವ ಪಾತ್ರೆ ಎಷ್ಟಿದ್ದವೆಂದರೆ, ನಾನು ಎಣಿಸಲು ಹೋಗಿ ಬಿಟ್ಟೆ. ಮುನಿಗಳ ತ್ಯಾಗ ದೊಡ್ಡದು. ಅದನ್ನು ತೂಗುವ ಅಧಿಕಾರ ನನಗಿಲ್ಲ. ನಾನು ಹೇಳಹೊರಟದ್ದು ಆ ಪಾತ್ರೆಗಳ ಮಾತು.

ಕುಮಾರಪರ್ವತ ಹತ್ತಿದವರೆಲ್ಲರಿಗೂ ಗಿರಿಗದ್ದೆಯ ಭಟ್ಟರ ಮನೆ ಗೊತ್ತು. ಕುಕ್ಕೆ ಸುಬ್ರಹ್ಮಣ್ಯದಿಂದ ಹೊರಟು, ದಟ್ಟ ಕಾಡಿನಲ್ಲಿ ಭೀಮನ ಬಂಡೆ ದಾಟಿ, ಮರಗಳು ಮುಗಿದು ಹುಲ್ಲುಗುಡ್ಡ ಶುರುವಾಗುವ ಹೊತ್ತಿಗೆ ಹೊಟ್ಟೆ ತಾಳ ಹಾಕುತ್ತಿರುತ್ತದೆ. ಅಲ್ಲಿ ಅಡಿಕೆ ತೋಟದ ನಡುವೆ ಆ ಮನೆ. ಬಿಸಿ ಅನ್ನ, ಸಾಂಬಾರು, ಉಪ್ಪಿನಕಾಯಿ, ಮಜ್ಜಿಗೆ. ನಾನು ಅಲ್ಲಿ ಎಷ್ಟು ಸಲ ಉಂಡಿದ್ದೇನೋ ಲೆಕ್ಕವಿಲ್ಲ. ಗೆಳೆಯರ ಮುಂದೆ ಮಾತ್ರ, "ಕುಮಾರಪರ್ವತಕ್ಕೆ ನನ್ನ ಅನ್ನದ ತೂಕ ಬರಿಯ ಆರುನೂರು ಗ್ರಾಂ" ಎಂದು ಜಂಬ ಕೊಚ್ಚುತ್ತಿದ್ದೆ. ಆ ಆರುನೂರು ಗ್ರಾಮಿನ ಹಿಂದೆ ಸುಬ್ರಹ್ಮಣ್ಯದಿಂದ ಯಾರದೋ ತಲೆಯ ಮೇಲೆ ಬೆಟ್ಟ ಹತ್ತಿದ ಅಕ್ಕಿಮೂಟೆಗಳಿದ್ದವು.

ಈ ಮಾತನ್ನು ನನಗೆ ಮೊದಲು ಹೇಳಿದವರು ನಮ್ಮ ಮೇಷ್ಟ್ರು. ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಿದ್ದವರು, ನಮ್ಮ ಪಕ್ಕದ ಬೀದಿ, ನನಗಿಂತ ಹದಿನೈದು ವರ್ಷ ಹಿರಿಯರು. ಬೆಟ್ಟದ ಹುಚ್ಚು ನನ್ನಷ್ಟೇ, ಆದರೆ ವಿರುದ್ಧ ಪಂಥ. ಅವರ ಚೀಲದಲ್ಲಿ ಚಳ್ಳಕೆರೆಯ ಕರಿ ಕಂಬಳಿ, ಹಿತ್ತಾಳೆ ಚೊಂಬು, ಸೀಮೆಎಣ್ಣೆ ಸ್ಟೌವು, ಕಾಫಿಪುಡಿ, ಫಿಲ್ಟರು, ಜಮಖಾನ, ದೊಡ್ಡ ಛತ್ರಿ. ಜಿಗಣೆಗೆಂದು ಒಂದು ಪೊಟ್ಟಣ ನಶ್ಯ, ಒಂದು ಪೊಟ್ಟಣ ಉಪ್ಪು. ಅವರು ನಡೆದರೆ ಪಾತ್ರೆ ಅಂಗಡಿ ನಡೆದಂತೆ ಸದ್ದು. ನಾನು ಮುಂದೆ ಹೋಗಿ ಬಂಡೆಯ ಮೇಲೆ ಕುಳಿತು ಅವರಿಗಾಗಿ ಕಾಯುವುದು, ಬಂದಾಗ ಒಂದು ಮಾತು ಚುಚ್ಚುವುದು, ಇದು ವಾಡಿಕೆಯಾಗಿತ್ತು. ಅವರು ಬೆವರು ಒರೆಸಿಕೊಂಡು ನಗುತ್ತಿದ್ದರು. ಒಮ್ಮೆ ರಾತ್ರಿ ಬಸ್ಸಿನಲ್ಲಿ ನಾನು ನನ್ನ ಸಾಮಾನಿನ ಪಟ್ಟಿ ಓದಿ ಹೇಳಿದಾಗ, "ಕಳೆಯೋ ಲೆಕ್ಕ ಚೆನ್ನಾಗಿ ಮಾಡ್ತೀಯಪ್ಪ" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಆದರೆ ಕಳೆಯೋ ಲೆಕ್ಕದಲ್ಲಿ ಪಕ್ಕದ ಮನೆಯಿಂದ ದಶಕ ಸಾಲ ತರಬೇಕಾಗತ್ತೆ. ತಂದದ್ದನ್ನ ಹುಡುಗರು ಮರೆತುಬಿಡ್ತಾರೆ, ಅಲ್ಲೇ ತಪ್ಪೋದು" ಎಂದರು. ನಾನು ಅದನ್ನು ಮೇಷ್ಟರ ಮಾತಿನ ಚಟವೆಂದುಕೊಂಡು ನಿದ್ದೆ ಹೋದೆ.

2004ರ ನವೆಂಬರು. ಕುಮಾರಪರ್ವತ. ಮೇಷ್ಟ್ರು ಭಟ್ಟರ ಮನೆಯಲ್ಲೇ ರಾತ್ರಿ ಉಳಿಯೋಣವೆಂದರು. ನನಗೆ ಹೊಸ ಮೇಲ್ಚಾವಣಿಯನ್ನು ಪರೀಕ್ಷಿಸುವ ಹಂಬಲ. ಅದನ್ನು ಇನ್ನೂ ಎಂಬತ್ತು ಗ್ರಾಂ ಇಳಿಸಿದ್ದೆ. ಆಗ ಬೆಟ್ಟದ ಮೇಲೆ ಮಲಗುವವರಿಗೆ ಇಂದಿನಷ್ಟು ನಿರ್ಬಂಧವಿರಲಿಲ್ಲ. ಹಟ ಮಾಡಿ ಅವರನ್ನು ಕಲ್ಲುಮಂಟಪದ ತನಕ ಎಳೆದುಕೊಂಡು ಹೋದೆ. ನಾಲ್ಕು ಕಡೆಯೂ ತೆರೆದ ಮಂಟಪ, ಸುತ್ತ ಬೋಳು ಗುಡ್ಡ. ಏಳು ಗಂಟೆಯ ಹೊತ್ತಿಗೆ ಪಶ್ಚಿಮದ ಕಡೆಯಿಂದ ಮೋಡ ಎದ್ದು ಬಂತು, ಎಂಟಕ್ಕೆ ಮಳೆ. ಮಳೆಯೆಂದರೆ ಮೇಲಿನಿಂದ ಬೀಳುವುದೆಂದು ತಿಳಿದಿದ್ದೆ. ಅದು ಅಡ್ಡ ಬಂತು, ಆಮೇಲೆ ಕಣಿವೆಯಿಂದ ಮೇಲಕ್ಕೂ ಬಂತು. ಮೊದಲನೆಯ ದೊಡ್ಡ ಗಾಳಿಗೇ ನನ್ನ ಮೇಲ್ಚಾವಣಿ ಒಂದು ಗಾಳಿಪಟವಾಗಿ ಶೇಷಪರ್ವತದ ಕಡೆ ಹೋಯಿತು. ಅದನ್ನು ನಾನು ಇಂದಿಗೂ ನೋಡಿಲ್ಲ. ಅರ್ಧ ಗಂಟೆಯಲ್ಲಿ ಮೈಮೇಲಿನ ಬಟ್ಟೆ ಒದ್ದೆ, ಹೊದೆಯಲೆಂದು ತಂದಿದ್ದ ತೆಳು ಹಚ್ಚಡ ಒದ್ದೆ. ಬದಲಾಯಿಸುವ ಬಟ್ಟೆಯನ್ನು ನಾನು ಎರಡು ವರ್ಷದ ಹಿಂದೆಯೇ ಪಟ್ಟಿಯಿಂದ ಹೊಡೆದುಹಾಕಿದ್ದೆ.

ಮೊದಲು ನಡುಕ ಬಂತು. ಹಲ್ಲುಗಳು ನನ್ನ ಹತೋಟಿ ತಪ್ಪಿ ಕುಟ್ಟತೊಡಗಿದವು. ಆಮೇಲೆ ನಡುಕ ನಿಂತಿತು, ಹಾಯೆನಿಸಿತು. ನಿದ್ದೆ ಬಂದಂತಾಯಿತು. ಸರಿಹೋಯಿತು ಎಂದುಕೊಂಡೆ. ನಡುಕ ನಿಲ್ಲುವುದೇ ಅಪಾಯದ ಗುರುತೆಂದು ಈಗ ಓದಿ ತಿಳಿದಿದ್ದೇನೆ; ಮೈ ತನ್ನ ಕಾವನ್ನು ತಾನು ಮಾಡಿಕೊಳ್ಳುವ ಪ್ರಯತ್ನ ಬಿಟ್ಟಿತೆಂದು ಅದರ ಅರ್ಥ. ಆಗ ಅದನ್ನು ತಿಳಿದುಕೊಂಡವರು ಮೇಷ್ಟ್ರು. ಏನು ಕೇಳಿದರೋ, ನಾನು ಏನು ತೊದಲಿದೆನೋ, ಕೆನ್ನೆಗೆ ಎರಡು ಬಿಗಿದರು. ಒದ್ದೆ ಬಟ್ಟೆ ಕಳಚಿಸಿ, ತಮ್ಮ ಒಣ ಪಂಚೆ ಉಡಿಸಿ, ಕಂಬಳಿ ಸುತ್ತಿ ಮೂಲೆಗೆ ಕೂರಿಸಿದರು. ಛತ್ರಿ ಬಿಚ್ಚಿ ಗಾಳಿಗೆ ಅಡ್ಡ ಹಿಡಿದು ಸ್ಟೌವು ಹೊತ್ತಿಸಿದರು. ಚೊಂಬಿನಲ್ಲಿ ನೀರು ಕಾಯಿಸಿ ಬೆಲ್ಲ ಹಾಕಿ ಕುಡಿಸಿದರು. ಮತ್ತೆ ಕಾಯಿಸಿದರು. ನಾನು ಎರಡು ವರ್ಷಗಳಿಂದ ನಕ್ಕ ಒಂದೊಂದು ಸಾಮಾನೂ ಆ ರಾತ್ರಿ ಅವರ ಚೀಲದಿಂದ ಹೊರಗೆ ಬಂತು. ನಶ್ಯ ಒಂದು ಉಳಿದಿತ್ತು. ಬೆಳಗಿನ ಜಾವ ಅದನ್ನೂ ತೆಗೆದು ತಾವು ಒಂದು ಚಿಟಿಕೆ ಏರಿಸಿದರು. ಅವರ ಮೈಮೇಲೆ ಇದ್ದದ್ದು ಒದ್ದೆಯಾದ ಜಮಖಾನ. ರಾತ್ರಿಯೆಲ್ಲ ಕುಳಿತೇ ಇದ್ದರು. ನನಗೆ ನಿದ್ದೆ ಬರದಿರಲೆಂದು ಹದಿನೇಳರ ಮಗ್ಗಿ, ಹತ್ತೊಂಬತ್ತರ ಮಗ್ಗಿ ಹೇಳಿಸಿದರು. ಹತ್ತೊಂಬತ್ತೇಳಲ ಎಷ್ಟೆಂದು ನನಗೆ ಆ ರಾತ್ರಿ ಬರಲೇ ಇಲ್ಲ.

ಬೆಳಿಗ್ಗೆ ಬಿಸಿಲು ಬಂತು. ಇಳಿದು ಬಂದೆವು. ಭಟ್ಟರ ಮನೆಯಲ್ಲಿ ಉಂಡೆವು. ಬೆಂಗಳೂರಿಗೆ ಬಂದು ಮೂರನೆಯ ದಿನ ನಾನು ಏನೂ ಆಗದವನಂತೆ ಬ್ಯಾಂಕಿಗೆ ಹೋದೆ. ಮೇಷ್ಟ್ರನ್ನು ನೋಡಲು ಹೋದದ್ದು ಮೂರು ವಾರದ ಮೇಲೆ, ಕಂಬಳಿ ಹಿಂದಿರುಗಿಸಲು. ಸ್ವಲ್ಪ ಸೊರಗಿದ್ದರು. "ಪರೀಕ್ಷೆ ಪತ್ರಿಕೆ ತಿದ್ದಿದ್ದು ಜಾಸ್ತಿಯಾಯ್ತು" ಎಂದರು. "ಕಂಬಳಿ ಇಟ್ಕೋ, ನಿನ್ನ ಹತ್ತಿರ ಇಲ್ಲವಲ್ಲ" ಎಂದರು. ಅವರಿಗೆ ಆಗ ಹದಿನೈದು ದಿನ ಜ್ವರ ಕಾದು, ಎದೆಗೆ ಇಳಿದು, ಆಸ್ಪತ್ರೆಯಲ್ಲಿದ್ದರೆಂಬುದನ್ನು ನನಗೆ ಹೇಳಿದವರು ಅವರ ಮನೆಯವರು. ಅದೂ ಆರು ವರ್ಷದ ಮೇಲೆ, ಒಂದು ಅರಿಶಿನ ಕುಂಕುಮಕ್ಕೆ ಬಂದಾಗ, ನನ್ನ ಹೆಂಡತಿಯ ಹತ್ತಿರ, ಮಾತಿಗೆ ಮಾತು ಬಂದು. ಮೇಷ್ಟ್ರು ಆಮೇಲೆ ದೊಡ್ಡ ಬೆಟ್ಟಗಳಿಗೆ ಬರಲಿಲ್ಲ. ವಯಸ್ಸಾಯಿತೆಂದು ಹೇಳುತ್ತಿದ್ದರು, ನಾನೂ ನಂಬಿದ್ದೆ. ಐವತ್ತೈದು ಅಂಥ ವಯಸ್ಸೇನೂ ಅಲ್ಲವೆಂದು ಈಗ ಅರವತ್ತು ದಾಟಿಯೂ ಹತ್ತುತ್ತಿರುವ ನನಗೆ ಗೊತ್ತು.

ಇನ್ನು ಬೇಗ ಹೇಳಿಬಿಡುತ್ತೇನೆ. ಬ್ಯಾಂಕಿನಲ್ಲಿ ನನ್ನ ಪಕ್ಕದ ಮೇಜಿನವರೊಬ್ಬರು ಎಷ್ಟೋ ಶನಿವಾರ ನನ್ನ ಲೆಡ್ಜರನ್ನೂ ಬರೆದು ಮುಗಿಸಿ ಮನೆಗೆ ಹೋಗಿದ್ದಾರೆ. ಸುಬ್ರಹ್ಮಣ್ಯದ ರಾತ್ರಿ ಬಸ್ಸಿನ ಕಂಡಕ್ಟರೊಬ್ಬ, ಒದ್ದೆಯಾಗಿ ಜಿಗಣೆಗಳ ಸಮೇತ ಹತ್ತಿದ ನಮಗೆ ಗೊಣಗದೆ ಹಿಂದಿನ ಸೀಟು ಕೊಟ್ಟ. ಸೋದರಳಿಯ ವರ್ಷಕ್ಕೊಮ್ಮೆ ಅಲ್ಲಿಂದ ಎರಡು ಮೊಳ ವಿಚಿತ್ರ ಬಟ್ಟೆ ತರುತ್ತಾನೆ. ಇವರಿಗೆಲ್ಲ ನಮಸ್ಕಾರ.

ಉಳಿದವಳು ಒಬ್ಬಳು. ಅವಳ ಮಾತು ಬರೆಯುವುದು ಸುಲಭವಲ್ಲ, ಏಕೆಂದರೆ ಇದನ್ನು ಅಚ್ಚಾಗುವ ಮೊದಲು ಓದುವವಳೂ ಅವಳೇ.

2002ರಲ್ಲಿ ನನ್ನ ತಾಯಿಗೆ ಪಾರ್ಶ್ವವಾಯುವಾಯಿತು. ಬಲಭಾಗ ಪೂರ್ತಿ ಬಿದ್ದುಹೋಯಿತು, ಮಾತು ಹೋಯಿತು. ಆರು ವರ್ಷ ಹಾಸಿಗೆಯಲ್ಲಿದ್ದರು. ಮೇಲೆ ಹೇಳಿದ ಅಕ್ಕಸಾಲಿಗರ ತಕ್ಕಡಿ, ಛತ್ರಿ ಬಟ್ಟೆ, ಮುಕ್ಕಾಲು ತೊಲ, ಎಲ್ಲವೂ ನಡೆದದ್ದು ಆ ಆರು ವರ್ಷಗಳಲ್ಲಿ. ವರ್ಷಕ್ಕೆ ನಾಲ್ಕೈದು ಸಲ, ಒಂದೊಂದು ಸಲ ಮೂರು ದಿನ, ನಾನು ಬೆಟ್ಟಕ್ಕೆ ಹೋಗುತ್ತಿದ್ದೆ. ಅಮ್ಮನಿಗೆ ಅದರಿಂದ ಬೇಸರವಿರಲಿಲ್ಲ. ಹೊರಡುವ ಮುಂಚೆ ಚೀಲವನ್ನು ಹಾಸಿಗೆಯ ಬಳಿಗೆ ತರಹೇಳಿ ಸನ್ನೆ ಮಾಡುವರು; ಎಡಗೈಯ ಒಂದು ಬೆರಳಿಗೆ ಪಟ್ಟಿ ಸಿಕ್ಕಿಸಿಕೊಂಡು ಎತ್ತಿ ನೋಡುವರು; ಎದ್ದರೆ ನಗುವರು. ತಮ್ಮ ಯಂತ್ರದಲ್ಲಿ ಹೊಲಿದದ್ದೆಂಬ ಹೆಮ್ಮೆಯೂ ಇದ್ದೀತು. ಆ ನಗೆಯೊಂದೇ ಸಾಕು, ನಾನು ನಿಶ್ಚಿಂತೆಯಿಂದ ಹೊರಡುತ್ತಿದ್ದೆ.

ಬೆನ್ನುಹುಣ್ಣಾಗದಂತೆ ರೋಗಿಯನ್ನು ಎರಡೆರಡು ಗಂಟೆಗೊಮ್ಮೆ ಮಗ್ಗುಲು ಹೊರಳಿಸಬೇಕು. ರಾತ್ರಿಯೂ. ನಾನಿದ್ದಾಗ ಇಬ್ಬರೂ ಸೇರಿ ಮಾಡುತ್ತಿದ್ದೆವು, ನಾನಿಲ್ಲದಾಗ ಅವಳೊಬ್ಬಳೇ. ಒಂದು ಸಲ ತಡಿಯಂಡಮೋಳಿನಿಂದ ಬಂದವನು ಬಾಗಿಲಲ್ಲೇ, "ಈ ಸಲ ಎಷ್ಟು ಗೊತ್ತೇ? ನಾಲ್ಕು ಕಿಲೋ ಮುನ್ನೂರು!" ಎಂದು ಕೂಗಿದೆ. ಅವಳು ಅಮ್ಮನ ಕೋಣೆಯಿಂದ ಸೊಂಟದ ಮೇಲೆ ಕೈಯಿಟ್ಟುಕೊಂಡು ಬಂದಳು. "ಒಳ್ಳೆಯದಾಯಿತು" ಎಂದಳು. ಆಮೇಲೆ, "ಅಮ್ಮ ಈಗ ನಲವತ್ತಾರು ಕಿಲೋ ಇದ್ದಾರಂತೆ. ಡಾಕ್ಟರು ಬಂದಿದ್ದರು, ಹೇಳಿದರು" ಎಂದಳು. ನಾನು, "ಇಳಿದಿದ್ದಾರೆ ಹಾಗಾದರೆ" ಎಂದೆ. ಕಾಲು ತೊಳೆಯಲು ಬಚ್ಚಲಿಗೆ ಹೋದೆ.

ಆ ಸಂಭಾಷಣೆ ನನಗೆ ಸಂಭಾಷಣೆಯೆಂದೇ ಅನ್ನಿಸಿರಲಿಲ್ಲ. ಅಮ್ಮ 2008ರಲ್ಲಿ ಹೋದರು. ಕರ್ಮಗಳೆಲ್ಲ ಮುಗಿದ ಮೇಲೆ ಒಂದು ದಿನ, "ಇನ್ನು ನೀನೂ ಬಾ, ಕುಮಾರಪರ್ವತ ತೋರಿಸುತ್ತೇನೆ" ಎಂದೆ. ಅವಳಿಗೆ ಮೊದಲಿನಿಂದ ಆಸೆಯಿತ್ತು, ಚೀಲ ಹೊಲಿಯುವಾಗ, "ನನಗೂ ಒಂದು ಹೊಲಿದುಕೊಳ್ಳಲೇ?" ಎಂದು ಕೇಳಿದ್ದಳು, ತುಂಡುಗಳು ಸಾಲಲಿಲ್ಲ. ಡಾಕ್ಟರನ್ನು ಕೇಳಿದೆವು. ಬೆನ್ನೆಲುಬಿನ ಚಿತ್ರ ತೆಗೆಸಿ ನೋಡಿದರು. ಕೆಳಗಿನ ಎರಡು ಮಣಿಗಳ ನಡುವಿನ ಬಿಲ್ಲೆ ಸರಿದಿದೆ. ಭಾರ ಎತ್ತಕೂಡದು, ಬೆಟ್ಟ ಹತ್ತಕೂಡದು. "ತುಂಬ ಭಾರ ಎತ್ತುವ ಕೆಲಸವೇನಾದರೂ ಮಾಡುತ್ತಿದ್ದಿರಾ?" ಎಂದು ಅವರು ಕೇಳಿದರು. ಅವಳು, "ಇಲ್ಲ, ಮನೆಕೆಲಸ ಅಷ್ಟೆ" ಎಂದಳು. ನನ್ನ ಕಡೆ ನೋಡಲಿಲ್ಲ. ಮೇಷ್ಟರ ದಶಕದ ಲೆಕ್ಕ ನನಗೆ ತಿಳಿದದ್ದು ಆ ಕೋಣೆಯ ಸ್ಟೂಲಿನ ಮೇಲೆ.

ಬೆಟ್ಟ ಬಿಟ್ಟೆನೇ ಎಂದು ಕೇಳುತ್ತೀರಿ. ಬಿಡಲಿಲ್ಲ. ಒಂದು ವರ್ಷ ಬಿಟ್ಟು ನೋಡಿದೆ. ನಾನು ಮನೆಯಲ್ಲಿ ಅಲೆದಾಡುವುದನ್ನು ನೋಡಲಾರದೆ ಅವಳೇ ಹುರಿಹಿಟ್ಟು ಮಾಡಿಟ್ಟಳು. ಈಗಲೂ ಹೋಗುತ್ತೇನೆ, ಕಡಿಮೆ. ಹುರಿಹಿಟ್ಟನ್ನು ನಾನೇ ಹುರಿಯಲು ಕಲಿತಿದ್ದೇನೆ; ಸ್ವಲ್ಪ ಸೀದ ವಾಸನೆ ಬರುತ್ತದೆ. ಮೇಷ್ಟ್ರಿಗೆ ಎಪ್ಪತ್ತೇಳಾಯಿತು. ಭಾನುವಾರದ ಈ ಪುರವಣಿಯನ್ನು ಭೂತಗನ್ನಡಿ ಹಿಡಿದು ಓದುತ್ತಾರೆ, ಅಚ್ಚಿನ ತಪ್ಪುಗಳಿಗೆ ಕೆಂಪು ಶಾಯಿ ಹಾಕುತ್ತಾರೆ. ಮೇಷ್ಟ್ರೇ, ಹತ್ತೊಂಬತ್ತೇಳಲ ನೂರ ಮೂವತ್ತಮೂರು.

ಈ ಡಿಸೆಂಬರಿನಲ್ಲಿ ನಾವಿಬ್ಬರೂ ಕೆಮ್ಮಣ್ಣುಗುಂಡಿಗೆ ಹೋಗುತ್ತಿದ್ದೇವೆ. ತೋಟಗಾರಿಕೆ ಇಲಾಖೆಯ ಅತಿಥಿಗೃಹದ ಬಾಗಿಲ ತನಕ ಕಾರು ಹೋಗುತ್ತದೆ. ಒಂದು ಮೆಟ್ಟಲನ್ನೂ ಹತ್ತಬೇಕಾಗಿಲ್ಲ. ಅಲ್ಲಿಂದ ಸೂರ್ಯಾಸ್ತ ಕಾಣುತ್ತದೆ. ನಿನ್ನೆ ಚೀಲ ಕಟ್ಟಿ ನೋಡಿದೆ, ಅಟ್ಟದಿಂದ ಇಳಿಸಿದ ಆ ಹಳೆಯ ಕ್ಯಾನ್ವಾಸ್ ಚೀಲವೇ, ಬೇರೆ ಯಾವುದೂ ಹಿಡಿಸಲಿಲ್ಲ. ಬಿಸಿನೀರಿನ ರಬ್ಬರು ಚೀಲ, ಸೊಂಟಕ್ಕೆ ಕಟ್ಟುವ ಪಟ್ಟಿ, ಅವಳ ದಿಂಬು, ಎರಡು ಶಾಲು, ಫ್ಲಾಸ್ಕು, ಮಾತ್ರೆಗಳ ಡಬ್ಬಿ, ಮೇಷ್ಟರ ಕಂಬಳಿ. ಅಕ್ಕಸಾಲಿಗರ ತಕ್ಕಡಿಗೆ ಆಗುವಂಥದ್ದಲ್ಲ. ಬಚ್ಚಲುಮನೆಯಲ್ಲಿ ನಾವು ನಿಂತು ನೋಡಿಕೊಳ್ಳುವ ತೂಕದ ಯಂತ್ರದ ಮೇಲಿಟ್ಟೆ. ಹನ್ನೊಂದು ಕಿಲೋ ಎಂಟುನೂರು.

ಅವಳು ಬಗ್ಗಿ ನೋಡಿ, "ಫ್ಲಾಸ್ಕು ಬಿಟ್ಟುಬಿಡೋಣವೇ? ಅರ್ಧ ಕಿಲೋ ಇಳಿಯುತ್ತೆ" ಎಂದಳು.

ಬೇಡ, ಇರಲಿ ಎಂದೆ.